ವೃದ್ಧರಕ್ಷಣೆಯ ಶಾಸನಪರಂಪರೆ

ಅಶಕ್ತರಾದ ಹಿರಿಯರನ್ನು ಪೋಷಿಸುವುದು ಮಕ್ಕಳ ಧರ್ಮವಾಗಿರುವಂತೆಯೇ ರಾಜ್ಯದ ಕರ್ತವ್ಯವೂ ಹೌದೆಂಬ ಭಾವನೆ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಶಕ್ತಿಯಿದ್ದೂ ತಂದೆತಾಯಿಗಳನ್ನೂ ಹೆಂಡಿರುಮಕ್ಕಳನ್ನೂ ವಿಧವೆಯರಾದ ಸೋದರಿಯರನ್ನೂ ಸಲಹದವನಿಗೆ 12 ಪಣಗಳ ದಂಡವನ್ನು ವಿಧಿಸಿದ ಕೌಟಿಲ್ಯನ ಅರ್ಥಶಾಸ್ತ್ರವು, ದಿಕ್ಕಿಲ್ಲದ ವೃದ್ಧರನ್ನೂ ವ್ಯಾಧಿಗ್ರಸ್ತರನ್ನೂ ಅರಸನೇ ಪೋಷಿಸತಕ್ಕದ್ದೆಂದು ನಿಯಮಿಸಿತು. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಓಲೆಗರಿಗಳಿಂದ ಹೊರತೆಗೆದು 1909ರಲ್ಲಿ ಮುದ್ರಿಸಿದ ಕೀರ್ತಿ ಆರ್. ಶಾಮಶಾಸ್ತ್ರಿಗಳದು.

ಸ್ವತಂತ್ರ ಭಾರತದಲ್ಲಿ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ಹಿಂದೂಗಳಿಗೂ, 1973ರ ದಂಡಪ್ರಕ್ರಿಯಾ ಸಂಹಿತೆಯು ಸರ್ವಮತೀಯರಿಗೂ ತಂದೆತಾಯಿಗಳನ್ನು ಸಲಹುವ ಹೊಣೆಯನ್ನು ಹೊರಿಸಿದುವಾದರೂ, ನ್ಯಾಯಾಲಯಗಳ ವಿಳಂಬವನ್ನು ಸಹಿಸುವ ಕಸುವು ಮುಪ್ಪಿಗೆ ಎಲ್ಲಿಯದು? ಆ ಕೊರತೆಯನ್ನು ನೀಗಲೆಂದು ಬಂದ 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಮುದಿತಾಯಿ ಅರ್ಜಿ ಕೊಟ್ಟರೆ, ಮಕ್ಕಳಿಗೆ ನೋಟೀಸು ಮುಟ್ಟಿದ 90 ದಿನಗಳೊಳಗೆ ಜೀವನಾಂಶವು ತೀರ್ಮಾನವಾಗಬೇಕೆಂದು ವಿಧಿಸಿತು. ಅದರ 23ನೆಯ ಕಲಮಂತೂ ನೋವಿನ ಮೂಲವನ್ನೇ ಅರಿತುದು: ಸಲಹುವೆನೆಂಬ ಕರಾರಿನ ಮೇಲೆ ಮನೆಯನ್ನು ದಾನಪತ್ರದಲ್ಲಿ ಬರೆಸಿಕೊಂಡ ಮಗನು ಅನ್ನಾರೈಕೆಗಳನ್ನು ನಿರಾಕರಿಸಿದರೆ, ಆ ದಾನವು ವಂಚನೆಯಿಂದಲೋ ಬಲಾತ್ಕಾರದಿಂದಲೋ ಆದುದೆಂದು ಗಣಿಸಲ್ಪಟ್ಟು, ಕೊಟ್ಟವರ ಇಚ್ಛೆಯಂತೆ ರದ್ದಾಗಬಲ್ಲುದು.

ಆದರೆ ತಮಗೆ ಇಂಥದೊಂದು ಹಕ್ಕಿದೆಯೆಂದೇ ತಿಳಿಯದ ಹಿರಿಯರ ಪಾಲಿಗೆ ಈ ಕಾಯಿದೆ ಇದ್ದೂ ಇಲ್ಲದಂತೆಯೇ. ಅದನ್ನು ಗ್ರಾಮಗ್ರಾಮಕ್ಕೂ ತಿಳಿಯಹೇಳುವುದು ವಿದ್ಯಾವಂತರೆಲ್ಲರ ಹೊಣೆಯಾಗಿದೆ.