ಮಾಯಾಮದ್ದಿನ ಎಲೆ

ರಜೆಗೆ ನಿಪ್ಪಾಣಿಗೆ ಹೋಗಿದ್ದೆ. ಅಣ್ಣನ ಮಗ ರಟ್ಟಿನ ತುಂಡಿನ ಮೇಲೆ ಹಸಿರು ಬಾಟಲಿ ಬರೆದು ಕೆಳಗೆ ‘ಶಕ್ತಿ 9999’ ಅಂತ ಹಾಕಿದ್ದ. ಮಾಯಾಮದ್ದಿನ ಕಾರ್ಡಂತೆ!

"ಕಾಕಾ, ಇದನ್ನ ಯಾವದೂ ಸೋಲ್ಸಂಗಿಲ್ಲ."

"ಹಂಗಾದ್ರ ಆಟ ಎಲ್ಲಿ ಉಳೀತೋ ತಮ್ಮಾ?" ಅಂದೆ.

ನಿಪ್ಪಾಣಿಯಿಂದ ಆಜರಾ ದಾಟಿ ಅಂಬೋಲಿ ಘಾಟ್ ಇಳಿದರೆ ಸಾವಂತವಾಡಿ. ಅಲ್ಲಿನ ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ದುಂಡನೆಯ ಎಲೆಗಳು. ಗಂಜೀಫಾ ಹಳೇ ಆಟ. 1527ರಲ್ಲಿ ಬಾಬರ್ ಸಿಂಧ್‌ಗೆ ಈ ಎಲೆಗಳನ್ನು ಕಳಿಸಿದ್ದನ್ನು ತಾನೇ ಬರೆದಿಟ್ಟಿದ್ದಾನೆ. ಇಲ್ಲಿ ವಾಮನನ ಗುರುತು ನೀರಿನ ಪಾತ್ರೆ. ಅದೂ ಮಾಯೆಯ ನೀರೇ ಅನ್ನಿ, ಬಲಿ ಧಾರೆ ಎರೆದದ್ದೇ ತಡ, ಕುಳ್ಳ ವಟು ಮುಗಿಲಿಗೆ ಬೆಳೆದ!

ಆದರೆ ಎಲೆಯ ಮೇಲೆ ಶಕ್ತಿ ಬರೆದಿರೋದಿಲ್ಲ. ವಾಮನನಲ್ಲಿ ಹತ್ತು ಪಾತ್ರೆಯ ಎಲೆ ಒಂದು ಪಾತ್ರೆಯದಕ್ಕಿಂತ ದೊಡ್ಡದು. ಮುಂದಿನ ಪರಶುರಾಮನಲ್ಲಿ ಉಲ್ಟಾ, ಎಕ್ಕವೇ ಹತ್ತನ್ನು ಹೊಡೆಯುತ್ತೆ. ಹಗಲಲ್ಲಿ ರಾಮನ ರಾಜ ಇದ್ದವರು ಆಟ ಶುರು ಮಾಡಬೇಕು, ರಾತ್ರಿ ಕೃಷ್ಣನ ರಾಜ ಇದ್ದವರು.

ಸ್ವಂತ ಕಾರ್ಡ್ ಮಾಡೋ ಹುಚ್ಚು ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ (1794–1868) ಇತ್ತು. ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಅವರ ‘ಛದ’ ಆಟಗಳಿವೆ. 36 ಎಲೆಯದರಿಂದ 360 ಎಲೆಯದರವರೆಗೆ! ಅಷ್ಟನ್ನು ಕೈಯಲ್ಲಿ ಹೇಗೆ ಹಿಡೀತಿದ್ರೋ, ನನಗಂತೂ ಇಸ್ಪೀಟಿನ 13 ಎಲೆಯೇ ಜಾರುತ್ತವೆ.

ಹುಡುಗ ಕೇಳಿಸಿಕೊಂಡ. ರಬ್ಬರ್ ತಗೊಂಡು 9999 ಅಳಿಸಿದ. ಬಾಟಲಿ ಕೆಳಗೆ ಬರೆದ: ‘ರಾತ್ರಿ ಅಷ್ಟೇ ಕೆಲಸ ಮಾಡತೈತಿ.’