ನರ್ಸಿಂಗ್ ಶಿಕ್ಷಣಕ್ಕೆ ಬುನಾದಿ ಹಾಕಿದ ಮಹಿಳೆಯರು

ಪಿ.ಯು.ಸಿ. ಮುಗಿಸಿದ ವಿದ್ಯಾರ್ಥಿನಿಯರು ಇಂದು ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಸೇರಬೇಕೆಂದು ಬಂದಾಗ ಅವರ ಹೆತ್ತವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಆಗಿರುತ್ತವೆ. ಎಷ್ಟು ವರ್ಷದ ಕೋರ್ಸು? ಡ್ಯೂಟಿ ಎಷ್ಟು ಗಂಟೆ? ರಾತ್ರಿ ಪಾಳಿ ಇದೆಯೇ? ಶುಲ್ಕ ಕಟ್ಟಬೇಕೇ, ಸ್ಟೈಪೆಂಡ್ ಸಿಗುತ್ತದೆಯೇ? ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ? ಇವು ಇಂದು ನಿನ್ನೆಯ ಪ್ರಶ್ನೆಗಳಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದ ಕೆಲವು ಮಹಿಳೆಯರು ಇವೇ ಪ್ರಶ್ನೆಗಳನ್ನು ಆಸ್ಪತ್ರೆಗಳ ಟ್ರಸ್ಟಿಗಳ ಮುಂದೆ ಇಟ್ಟು ಉತ್ತರ ಪಡೆದರು. ಇಸಬೆಲ್ ಹ್ಯಾಂಪ್ಟನ್ ಮತ್ತು ಅಡಿಲೇಡ್ ನಟಿಂಗ್ ಅವರಲ್ಲಿ ಮುಖ್ಯರು. ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಈ ಇಬ್ಬರ ಹೆಸರು ನರ್ಸಿಂಗ್ ಓದುವವರಿಗೂ ಪರೀಕ್ಷೆಗೆ ಎರಡು ಅಂಕದ ಟಿಪ್ಪಣಿಯಷ್ಟೇ ಆಗಿ ಉಳಿದಿದೆ.

ಮೊದಲು ಒಂದು ಮಾತು. ಕನ್ನಡದಲ್ಲಿ ನರ್ಸಿಂಗ್‌ಗೆ 'ಶುಶ್ರೂಷೆ' ಎನ್ನುತ್ತೇವೆ. ಸಂಸ್ಕೃತದಲ್ಲಿ ಈ ಪದದ ಮೂಲ ಅರ್ಥ 'ಕೇಳುವ ಇಚ್ಛೆ'. ಹೇಳಿದ್ದನ್ನು ಕೇಳಿ ನಡೆಯುವುದು, ಅದರಿಂದ ಸೇವೆ. ಉರ್ದುವಿನಲ್ಲಿ 'ತೀಮಾರದಾರಿ' ಎನ್ನುತ್ತಾರೆ, ರೋಗಿಯ ಆರೈಕೆ ಎಂದು ಅರ್ಥ. ಕನ್ನಡದ 'ದಾದಿ' ಎಂಬ ಪದ ಬಂದಾಗ ಮಾತ್ರ ನನ್ನ ಉರ್ದು ತರಗತಿಯ ಮಕ್ಕಳು ನಗುತ್ತಾರೆ, ಏಕೆಂದರೆ ಅವರ ಮನೆಯಲ್ಲಿ ದಾದಿ ಎಂದರೆ ತಂದೆಯ ತಾಯಿ. ಈ ಯಾವ ಪದದಲ್ಲಿಯೂ ಶಾಲೆ, ಪಠ್ಯಕ್ರಮ, ಪರೀಕ್ಷೆ ಎಂಬ ಭಾವನೆಯೇ ಇಲ್ಲ. ರೋಗಿಯನ್ನು ನೋಡಿಕೊಳ್ಳುವುದು ಹೆಣ್ಣಿಗೆ ಹುಟ್ಟಿನಿಂದ ಬರುವ ಗುಣ, ಅದನ್ನು ಕಲಿಸುವುದೇನಿದೆ ಎಂದು ಲೋಕವೆಲ್ಲ ತಿಳಿದಿದ್ದ ಕಾಲವದು.

ನೈಟಿಂಗೇಲ್ ಈ ತಿಳಿವಳಿಕೆಯನ್ನು ಒಡೆದರು. ಕ್ರಿಮಿಯಾ ಯುದ್ಧದಲ್ಲಿ 1854ರ ನವೆಂಬರ್ ತಿಂಗಳಲ್ಲಿ 38 ನರ್ಸ್‌ಗಳೊಂದಿಗೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದ ಅವರ ಸೇವೆಯನ್ನು ಮೆಚ್ಚಿ ಬ್ರಿಟನ್ನಿನ ಜನತೆ ಸುಮಾರು 45,000 ಪೌಂಡ್ ನಿಧಿ ಸಂಗ್ರಹಿಸಿತು. ಆ ಹಣದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ಆರಂಭವಾಯಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಶಾಲೆಯ ಹಿಂದೆ ಆಸ್ಪತ್ರೆಯ ಹಣವಲ್ಲದೆ ಬೇರೆ ನಿಧಿಯಿತ್ತು.

ಅಮೆರಿಕದಲ್ಲಿ 1873ರಲ್ಲಿ ನ್ಯೂಯಾರ್ಕ್, ನ್ಯೂ ಹೇವನ್ ಮತ್ತು ಬಾಸ್ಟನ್ ನಗರಗಳಲ್ಲಿ ಇದೇ ಮಾದರಿಯಲ್ಲಿ ಮೂರು ಶಾಲೆಗಳು ಹುಟ್ಟಿದವು. ಮಾದರಿ ಹೋಯಿತು, ನಿಧಿ ಹೋಗಲಿಲ್ಲ. ಶಾಲೆಗಳು ಬಹುಬೇಗ ಆಸ್ಪತ್ರೆಗಳ ಕೈಗೆ ಸೇರಿದವು. ತರಬೇತಿ ಶಾಲೆಯೊಂದನ್ನು ತೆರೆದರೆ ವಾರ್ಡುಗಳಿಗೆ ಅತ್ಯಂತ ಕಡಿಮೆ ಖರ್ಚಿನಲ್ಲಿ ಕೆಲಸಗಾರರು ಸಿಗುತ್ತಾರೆ ಎಂಬುದು ಆಡಳಿತ ಮಂಡಳಿಗಳಿಗೆ ಅರ್ಥವಾಗಲು ತಡವಾಗಲಿಲ್ಲ. 1880ರಲ್ಲಿ ಇಡೀ ದೇಶದಲ್ಲಿ 15 ಶಾಲೆಗಳಿದ್ದವು, 1900ರ ಹೊತ್ತಿಗೆ 432 ಆದವು. ವಿದ್ಯೆಯ ಮೇಲಿನ ಪ್ರೀತಿಯಿಂದಲೇ ಇಷ್ಟು ಬೆಳೆಯಿತೆಂದು ನಾನು ನಂಬಲಾರೆ.

ವಿದ್ಯಾರ್ಥಿನಿಯ ದಿನ ಹೇಗಿರುತ್ತಿತ್ತು? ಸೇರಿದ ದಿನವೇ ವಾರ್ಡಿಗೆ. ಹನ್ನೆರಡು ಗಂಟೆ ದುಡಿಮೆ. ಪಾಠ ನಡೆಯುವುದು ಡ್ಯೂಟಿ ಮುಗಿದ ಮೇಲೆ ಸಂಜೆ ಅಥವಾ ರಾತ್ರಿ, ಅದೂ ವೈದ್ಯರಿಗೆ ಬಿಡುವಿದ್ದರೆ. ಕೆಲವು ಆಸ್ಪತ್ರೆಗಳು ವಿದ್ಯಾರ್ಥಿನಿಯರನ್ನು ಶ್ರೀಮಂತರ ಮನೆಗಳಿಗೆ ರೋಗಿಗಳ ಆರೈಕೆಗೆ ಕಳಿಸಿ, ಅದರ ಸಂಭಾವನೆಯನ್ನು ತಮ್ಮ ಖಾತೆಗೆ ಜಮಾ ಮಾಡಿಕೊಳ್ಳುತ್ತಿದ್ದವು. ಎರಡು ವರ್ಷ ಮುಗಿದು ಕೈಗೆ ಡಿಪ್ಲೊಮಾ ಬಂದ ಕೂಡಲೇ ಆಸ್ಪತ್ರೆಯಲ್ಲಿ ಅವಳಿಗೆ ಜಾಗವಿಲ್ಲ, ಏಕೆಂದರೆ ಆಗ ಸಂಬಳ ಕೊಡಬೇಕಾಗುತ್ತದೆ. ಅವಳ ಹಾಸಿಗೆಗೆ ಮತ್ತೊಬ್ಬ ಹೊಸ ವಿದ್ಯಾರ್ಥಿನಿ ಬರುತ್ತಿದ್ದಳು.

ಇಸಬೆಲ್ ಹ್ಯಾಂಪ್ಟನ್ 1860ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದ ವೆಲೆಂಡ್‌ನಲ್ಲಿ ಹುಟ್ಟಿದವರು. ಮೊದಲು ಶಾಲಾ ಶಿಕ್ಷಕಿ. ನಂತರ ನ್ಯೂಯಾರ್ಕಿನ ಬೆಲೆವ್ಯೂ ಆಸ್ಪತ್ರೆಯ ಶಾಲೆಯಲ್ಲಿ 1883ರಲ್ಲಿ ತರಬೇತಿ ಮುಗಿಸಿದರು. 1886ರಲ್ಲಿ, ಇನ್ನೂ 26ರ ವಯಸ್ಸಿನಲ್ಲಿ, ಷಿಕಾಗೋದ ಇಲಿನಾಯ್ ತರಬೇತಿ ಶಾಲೆಯ ಮುಖ್ಯಸ್ಥೆಯಾದರು. ಶಿಕ್ಷಕಿಯಾಗಿದ್ದವರ ಕಣ್ಣಿಗೆ ಮೊದಲು ಬಿದ್ದದ್ದು ಅಲ್ಲಿನ ಪಾಠಕ್ಕೆ ಕ್ರಮವೇ ಇಲ್ಲದಿದ್ದದ್ದು. ಮೊದಲ ವರ್ಷಕ್ಕೆ ಇಷ್ಟು, ಎರಡನೆಯ ವರ್ಷಕ್ಕೆ ಇಷ್ಟು ಎಂದು ತರಗತಿವಾರು ಪಾಠಗಳನ್ನು ವಿಂಗಡಿಸಿದರು. ಇದು ಇಂದು ಸಾಮಾನ್ಯ ಸಂಗತಿ ಎನಿಸಬಹುದು, ಅಂದು ಹೊಸತಾಗಿತ್ತು.

1889ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಬಾಗಿಲು ತೆರೆಯಿತು. ಜಾನ್ಸ್ ಹಾಪ್ಕಿನ್ಸ್ ಎಂಬ ವ್ಯಾಪಾರಿ 1873ರಲ್ಲಿ ತೀರಿಕೊಳ್ಳುವಾಗ ವಿಶ್ವವಿದ್ಯಾನಿಲಯ ಮತ್ತು ಆಸ್ಪತ್ರೆಗೆಂದು 70 ಲಕ್ಷ ಡಾಲರ್ ಬಿಟ್ಟುಹೋಗಿದ್ದರು. ಆಸ್ಪತ್ರೆಯೊಂದಿಗೆ ನರ್ಸ್‌ಗಳ ತರಬೇತಿ ಶಾಲೆಯೂ ಇರಬೇಕೆಂದು ಟ್ರಸ್ಟಿಗಳಿಗೆ ಬರೆದ ಪತ್ರದಲ್ಲಿಯೇ ತಿಳಿಸಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆರಂಭವಾದ ಆ ಶಾಲೆಗೆ ಹ್ಯಾಂಪ್ಟನ್ ಪ್ರಾಂಶುಪಾಲೆ, ಜೊತೆಗೆ ಆಸ್ಪತ್ರೆಯ ನರ್ಸ್‌ಗಳ ಮೇಲ್ವಿಚಾರಕಿ. ಈ ಎರಡು ಹುದ್ದೆ ಒಬ್ಬರಲ್ಲೇ ಇದ್ದದ್ದೇ ಎಲ್ಲ ತೊಡಕಿನ ಮೂಲ. ಪ್ರಾಂಶುಪಾಲೆಯಾಗಿ ಅವರು ವಿದ್ಯಾರ್ಥಿನಿಯನ್ನು ತರಗತಿಗೆ ಕಳಿಸಬೇಕು, ಮೇಲ್ವಿಚಾರಕಿಯಾಗಿ ಅದೇ ಹೊತ್ತಿಗೆ ವಾರ್ಡಿನಲ್ಲಿ ನಿಲ್ಲಿಸಬೇಕು. ರೋಗಿ ನರಳುತ್ತಿರುವಾಗ ಯಾವುದು ಗೆಲ್ಲುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

1893ರಲ್ಲಿ ಷಿಕಾಗೋದಲ್ಲಿ ವಿಶ್ವ ಪ್ರದರ್ಶನ ನಡೆಯಿತು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಪ್ರದರ್ಶನದ ಅಂಗವಾಗಿ ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ಗೊತ್ತು. ಅಲ್ಲಿಯೇ ಆಸ್ಪತ್ರೆಗಳ ಬಗ್ಗೆಯೂ ಒಂದು ಸಮ್ಮೇಳನ ಸೇರಿತ್ತು, ಅದರ ನರ್ಸಿಂಗ್ ವಿಭಾಗಕ್ಕೆ ಹ್ಯಾಂಪ್ಟನ್ ಅಧ್ಯಕ್ಷೆ. ಮುಪ್ಪಿನಲ್ಲಿದ್ದ ನೈಟಿಂಗೇಲ್ ಸ್ವತಃ ಒಂದು ಪ್ರಬಂಧ ಕಳಿಸಿದ್ದರು. ಒಂದು ಶಾಲೆಯ ನರ್ಸ್ ಮತ್ತೊಂದು ಶಾಲೆಯ ನರ್ಸ್‌ಗೆ ಸಮಾನಳೆಂದು ಹೇಳಲು ಯಾವ ಅಳತೆಗೋಲೂ ಇಲ್ಲ ಎಂಬುದು ಹ್ಯಾಂಪ್ಟನ್ ಅವರ ವಾದ. ಆ ಸಭೆಯ ಫಲವಾಗಿ ಅದೇ ವರ್ಷ ತರಬೇತಿ ಶಾಲೆಗಳ ಮುಖ್ಯಸ್ಥೆಯರ ಸಂಘ ರಚನೆಯಾಯಿತು. ಮರುವರ್ಷ ಹ್ಯಾಂಪ್ಟನ್ ಡಾ. ಹಂಟರ್ ರಾಬ್ ಎಂಬ ವೈದ್ಯರನ್ನು ಮದುವೆಯಾಗಿ ಹುದ್ದೆ ಬಿಟ್ಟರು. ಅಂದಿನ ರೂಢಿಯಲ್ಲಿ ಮದುವೆಯಾದ ಹೆಣ್ಣಿಗೆ ಆ ಸ್ಥಾನದಲ್ಲಿ ಇರುವಂತಿರಲಿಲ್ಲ.

ಅವರ ಜಾಗಕ್ಕೆ ಬಂದವರು ಅದೇ ಶಾಲೆಯ ಮೊದಲ ತಂಡದ ವಿದ್ಯಾರ್ಥಿನಿ ಅಡಿಲೇಡ್ ನಟಿಂಗ್. ಇವರೂ ಕೆನಡಾದವರು, 1858ರಲ್ಲಿ ಹುಟ್ಟಿದವರು, ಅಂದರೆ ತಮ್ಮ ಗುರುವಿಗಿಂತ ವಯಸ್ಸಿನಲ್ಲಿ ದೊಡ್ಡವರು. ನ್ಯೂಫೌಂಡ್‌ಲೆಂಡಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಗೀತ ಕಲಿಸಿದ್ದವರು. ನರ್ಸಿಂಗ್ ಶಾಲೆಗೆ ಸೇರಿದಾಗ ಅವರಿಗೆ ಮೂವತ್ತು ದಾಟಿತ್ತು. ವಯಸ್ಸಾಯಿತು, ಇನ್ನೇನು ಓದುವುದು ಎನ್ನುವ ನಮ್ಮ ಕೆಲವು ಹೆಣ್ಣುಮಕ್ಕಳು ಇದನ್ನು ನೆನಪಿಡಲಿ.

ನಟಿಂಗ್ ಮಾಡಿದ ಮೊದಲ ಕೆಲಸ ಭಾಷಣವಲ್ಲ, ಲೆಕ್ಕ. ವಿದ್ಯಾರ್ಥಿನಿಯರು ವಾರಕ್ಕೆ ಎಷ್ಟು ಗಂಟೆ ದುಡಿಯುತ್ತಾರೆ ಎಂಬ ಅಂಕಿ ಅಂಶಗಳನ್ನು ಹಲವು ಶಾಲೆಗಳಿಂದ ತರಿಸಿಕೊಂಡು, ಮುಖ್ಯಸ್ಥೆಯರ ಸಂಘದ ಮುಂದೆ ಮಂಡಿಸಿದರು. ತಮ್ಮ ಆಸ್ಪತ್ರೆಯಲ್ಲಿ 1895-96ರ ಅವಧಿಯಲ್ಲಿ ಮೂರು ಬದಲಾವಣೆಗಳನ್ನು ಒಟ್ಟಿಗೆ ತಂದರು. ಕೋರ್ಸು ಎರಡು ವರ್ಷದಿಂದ ಮೂರು ವರ್ಷಕ್ಕೆ ಏರಿತು, ದಿನದ ದುಡಿಮೆ ಎಂಟು ಗಂಟೆಗೆ ಇಳಿಯಿತು, ತಿಂಗಳ ಸ್ಟೈಪೆಂಡ್ ನಿಂತಿತು.

ಟ್ರಸ್ಟಿಗಳು ಇದಕ್ಕೆ ಹೇಗೆ ಒಪ್ಪಿದರು? ಕರಿಹಲಗೆಯ ಮೇಲೆ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ವರ್ಷಕ್ಕೆ ಒಬ್ಬಳೇ ವಿದ್ಯಾರ್ಥಿನಿ ಸೇರುತ್ತಾಳೆಂದು ಇಟ್ಟುಕೊಳ್ಳಿ. ಎರಡು ವರ್ಷದ ಕೋರ್ಸಿನಲ್ಲಿ ಯಾವಾಗಲೂ ಇಬ್ಬರು ಇರುತ್ತಾರೆ, ತಲಾ 12 ಗಂಟೆಯಂತೆ 24 ಗಂಟೆಯ ಕೆಲಸ. ಮೂರು ವರ್ಷದ ಕೋರ್ಸಿನಲ್ಲಿ ಮೂವರು ಇರುತ್ತಾರೆ, ತಲಾ 8 ಗಂಟೆಯಂತೆ ಅದೂ 24 ಗಂಟೆ. ಆಸ್ಪತ್ರೆಗೆ ಒಂದು ಗಂಟೆಯೂ ನಷ್ಟವಿಲ್ಲ! ಮೂರನೆಯವಳ ಊಟ, ವಸತಿಯ ಖರ್ಚು ಹೆಚ್ಚಾಗುತ್ತದೆ ನಿಜ, ಅದಕ್ಕೆ ಸ್ಟೈಪೆಂಡಿನ ಹಣ ಒದಗುತ್ತದೆ. ಈ ಗುಣಾಕಾರ ನನ್ನದು. ಆದರೆ ಮೂರೂ ಬದಲಾವಣೆಗಳನ್ನು ಬಿಡಿಬಿಡಿಯಾಗಿ ಕೇಳದೆ ಒಟ್ಟಿಗೆ ಕೇಳಿದ ಜಾಣತನ ನಟಿಂಗ್ ಅವರದು. ಆಸ್ಪತ್ರೆ ಆಡಳಿತ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಇದೇ ಉದಾಹರಣೆ ಕೊಡುತ್ತೇನೆ.

ಸ್ಟೈಪೆಂಡ್ ನಿಲ್ಲಿಸಿದ್ದು ಸರಿಯೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಕೂಲಿ ಕೊಡುವವರೆಗೆ ಅವಳು ಕೂಲಿಯಾಳು, ಕೊಡದಿದ್ದರೆ ವಿದ್ಯಾರ್ಥಿನಿ, ಆಗ ಶಿಕ್ಷಣ ಕೊಡಿ ಎಂದು ಹಕ್ಕಿನಿಂದ ಕೇಳಬಹುದು ಎಂಬುದು ಅದರ ಹಿಂದಿನ ತರ್ಕ. ಉಳಿದ ಹಣದಲ್ಲಿ ವಿದ್ಯಾರ್ಥಿವೇತನಗಳನ್ನೂ ಇಟ್ಟರು. ಆದರೂ ಕೈಯಲ್ಲಿ ಕಾಸಿಲ್ಲದ ಮನೆಯ ಹುಡುಗಿಗೆ ಆ ಕೆಲವು ಡಾಲರ್‌ಗಳೇ ಓದುವ ದಾರಿಯಾಗಿದ್ದವು. ಬಡ ವಿದ್ಯಾರ್ಥಿಗಳ ನಡುವೆ ಕೆಲಸ ಮಾಡುವ ನನಗೆ ಈ ತರ್ಕ ಪೂರ್ತಿಯಾಗಿ ಒಪ್ಪಿಗೆಯಾಗುವುದಿಲ್ಲ. ಇನ್ನೊಂದು ಕಪ್ಪು ಚುಕ್ಕೆಯನ್ನೂ ಹೇಳಬೇಕು. ಬಾಸ್ಟನ್ನಿನ ಶಾಲೆಯೊಂದರಿಂದ ಮೇರಿ ಮಹೋನಿ ಎಂಬ ಕಪ್ಪು ಮಹಿಳೆ 1879ರಲ್ಲಿಯೇ ತರಬೇತಿ ಪಡೆದು ಹೊರಬಂದಿದ್ದರು. ಆದರೆ ಬಾಲ್ಟಿಮೋರಿನ ಈ ಆದರ್ಶ ಶಾಲೆಯ ಬಾಗಿಲು ನಟಿಂಗ್ ಅವರ ಕಾಲದಲ್ಲಿ ಕಪ್ಪು ಹುಡುಗಿಯರಿಗೆ ತೆರೆದಿರಲಿಲ್ಲ.

1901ರಲ್ಲಿ ನಟಿಂಗ್ ಆರು ತಿಂಗಳ ಪೂರ್ವಸಿದ್ಧತಾ ಕೋರ್ಸನ್ನು ಆರಂಭಿಸಿದರು. ಅಂಗರಚನೆ, ಶರೀರಕ್ರಿಯೆ, ನೈರ್ಮಲ್ಯ, ಔಷಧಿಗಳ ಪರಿಚಯ, ರೋಗಿಗಳ ಆಹಾರ ತಯಾರಿಕೆ, ಇವನ್ನು ಕಲಿತ ನಂತರವೇ ವಾರ್ಡಿಗೆ ಪ್ರವೇಶ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ರೆಬೆಕಾ ಸ್ಟ್ರಾಂಗ್ ಎಂಬ ಮೇಟ್ರನ್ 1893ರಲ್ಲಿಯೇ ಇಂಥ ಪಾಠ ಆರಂಭಿಸಿದ್ದರು. ನೂರು ವರ್ಷ ತುಂಬು ಬಾಳು ಬಾಳಿದ ಆ ತಾಯಿಯ ಬಗ್ಗೆ ಬೇರೆಯೇ ಲೇಖನ ಬರೆಯಬೇಕು.

ಒಳ್ಳೆಯ ಶಾಲೆಗಳು ಹೆಚ್ಚಬೇಕಾದರೆ ಶಾಲೆ ನಡೆಸುವವರಿಗೇ ತರಬೇತಿ ಬೇಕಲ್ಲವೇ? ಬಿ.ಎಡ್. ಮಾಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಇಸಬೆಲ್ ರಾಬ್ ಮದುವೆಯ ನಂತರವೂ ಸುಮ್ಮನೆ ಕೂರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನ ಡೀನ್ ಜೇಮ್ಸ್ ರಸೆಲ್ ಅವರನ್ನು ಒಪ್ಪಿಸಿ, 1899ರಲ್ಲಿ 'ಆಸ್ಪತ್ರೆ ಅರ್ಥಶಾಸ್ತ್ರ' ಎಂಬ ಹೆಸರಿನ ಕೋರ್ಸನ್ನು ತೆರೆಸಿದರು. ನರ್ಸಿಂಗ್ ಬೋಧನೆ ಮತ್ತು ಆಸ್ಪತ್ರೆ ಆಡಳಿತ ಎರಡನ್ನೂ ಕಲಿಸುವ ಕೋರ್ಸು ಅದು. ಮೊದಲ ವರ್ಷ ಸೇರಿದವರು ಇಬ್ಬರೇ. ಅದರ ಖರ್ಚಿನ ಹೊಣೆಯನ್ನು ಮುಖ್ಯಸ್ಥೆಯರ ಸಂಘವೇ ಹೊತ್ತಿತು, ರಾಬ್ ಮತ್ತು ನಟಿಂಗ್ ಮೊದಲಾದವರು ಬೇರೆ ಊರುಗಳಿಂದ ಬಂದು ಪಾಠ ಮಾಡಿ ಹೋಗುತ್ತಿದ್ದರು. 1907ರಲ್ಲಿ ನಟಿಂಗ್ ಬಾಲ್ಟಿಮೋರ್ ಬಿಟ್ಟು ಅಲ್ಲಿಯೇ ಪ್ರೊಫೆಸರ್ ಆದರು. ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಪದವಿ ಪಡೆದ ಪ್ರಪಂಚದ ಮೊದಲ ನರ್ಸ್ ಎಂದು ಅವರನ್ನು ಗುರುತಿಸುತ್ತಾರೆ. ಅದೇ ವರ್ಷ ಲವೀನಿಯಾ ಡಾಕ್ ಅವರೊಡನೆ ಬರೆದ ನರ್ಸಿಂಗ್ ಚರಿತ್ರೆಯ ಮೊದಲ ಎರಡು ಸಂಪುಟಗಳು ಹೊರಬಂದವು.

1910ರ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡ್ ನಗರದ ಬೀದಿಯಲ್ಲಿ ಎರಡು ಟ್ರಾಮ್‌ಗಳ ನಡುವೆ ಸಿಲುಕಿ ಇಸಬೆಲ್ ರಾಬ್ ತೀರಿಕೊಂಡರು. ಇಬ್ಬರು ಗಂಡುಮಕ್ಕಳ ತಾಯಿಗೆ ಆಗ ಐವತ್ತೂ ತುಂಬಿರಲಿಲ್ಲ.

ನಟಿಂಗ್ ತಮ್ಮ ಮಾತನ್ನು ಬಿಡಲಿಲ್ಲ. ಶಾಲೆಗೆ ಆಸ್ಪತ್ರೆಯ ಲೆಕ್ಕಪುಸ್ತಕದಿಂದ ಬಿಡುಗಡೆಯಾಗಬೇಕು, ಅದಕ್ಕೆ ತನ್ನದೇ ಆದ ಹಣ ಬೇಕು ಎಂಬುದೇ ಅವರ ಹಟ. 1912ರಲ್ಲಿ ಅಮೆರಿಕ ಸರ್ಕಾರದ ಶಿಕ್ಷಣ ಇಲಾಖೆ ಅವರಿಂದ ನರ್ಸಿಂಗ್ ಶಿಕ್ಷಣದ ಸ್ಥಿತಿಗತಿಯ ವರದಿ ಬರೆಸಿ ಪ್ರಕಟಿಸಿತು. ಮುಂದೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನಡೆದು 1923ರಲ್ಲಿ ಪ್ರಕಟವಾದ ಗೋಲ್ಡ್‌ಮಾರ್ಕ್ ವರದಿ ಇದೇ ಮಾತನ್ನು ಪುಷ್ಟೀಕರಿಸಿತು. ಅದೇ ವರ್ಷ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸ್ವತಂತ್ರ ಬಜೆಟ್ ಇದ್ದ ನರ್ಸಿಂಗ್ ಶಾಲೆ ಆರಂಭವಾಯಿತು. ಅದರ ಡೀನ್ ಆನಿ ಗುಡ್‌ರಿಚ್ ನ್ಯೂಯಾರ್ಕಿನ ನಾಲ್ಕು ಆಸ್ಪತ್ರೆಗಳಲ್ಲಿ ನರ್ಸ್‌ಗಳ ಮೇಲ್ವಿಚಾರಕಿಯಾಗಿ, ನಂತರ ರಾಜ್ಯದ ನರ್ಸಿಂಗ್ ಶಾಲೆಗಳ ತನಿಖಾಧಿಕಾರಿಯಾಗಿ ದುಡಿದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯದ ನರ್ಸಿಂಗ್ ಶಾಲೆಯನ್ನು ಕಟ್ಟಿದವರೂ ಅವರೇ. 1925ರಲ್ಲಿ ನಟಿಂಗ್ ನಿವೃತ್ತರಾದಾಗ ಅವರ ಪೀಠಕ್ಕೆ ಬಂದವರು ಅವರ ಶಿಷ್ಯೆ ಇಸಬೆಲ್ ಸ್ಟೂವರ್ಟ್.

ನಮ್ಮ ದೇಶಕ್ಕೆ ಪದವಿ ಮಟ್ಟದ ನರ್ಸಿಂಗ್ ಬಂದದ್ದು 1946ರಲ್ಲಿ. ಆ ವರ್ಷ ಪ್ರಕಟವಾದ ಭೋರ್ ಸಮಿತಿಯ ವರದಿಯ ಪ್ರಕಾರ ಭಾರತದಲ್ಲಿ ಸುಮಾರು 43,000 ಜನರಿಗೆ ಒಬ್ಬ ನರ್ಸ್ ಇದ್ದರು. ದೆಹಲಿಯ ನರ್ಸಿಂಗ್ ಕಾಲೇಜು ಮತ್ತು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅದೇ ವರ್ಷ ಪದವಿ ಕೋರ್ಸು ಆರಂಭಿಸಿದವು. ದೆಹಲಿಯ ಕಾಲೇಜಿಗೆ ಇಂದು ನಮ್ಮ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರಿದೆ. 1947ರ ಕಾಯ್ದೆಯಿಂದ ಭಾರತೀಯ ನರ್ಸಿಂಗ್ ಪರಿಷತ್ತು ಬಂದಿತು. ಆ ಕಾಯ್ದೆಯ ಜಾಗಕ್ಕೆ ಹೊಸ ಆಯೋಗವನ್ನು ರಚಿಸುವ ಕಾಯ್ದೆಗೆ ಸಂಸತ್ತು 2023ರಲ್ಲಿ ಒಪ್ಪಿಗೆ ನೀಡಿತು.

ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ನಟಿಂಗ್ ಕಾಲದ ಅಮೆರಿಕದಲ್ಲಿ ಆಸ್ಪತ್ರೆ ಇತ್ತು, ಶಾಲೆ ಹೆಸರಿಗೆ ಮಾತ್ರ. ನಮ್ಮಲ್ಲಿ ಕೆಲವು ಕಡೆ ಇದು ತಿರುಗುಮುರುಗಾಗಿದೆ. ಕಾಲೇಜು ಇದೆ, ಶುಲ್ಕ ಇದೆ, ಬಸ್ಸೂ ಇದೆ, ಕಲಿಯಲು ಆಸ್ಪತ್ರೆ ಇಲ್ಲ. ಹೀಗಾಗಿ ಪ್ರವೇಶ ಪಡೆಯುವ ಮುನ್ನ ವಿದ್ಯಾರ್ಥಿನಿಯರು ಕಟ್ಟಡದ ಜೊತೆಗೆ ವಾರ್ಡುಗಳನ್ನೂ ತೋರಿಸಿ ಎಂದು ಕೇಳಲಿ. ಎಷ್ಟು ಹಾಸಿಗೆ, ಎಷ್ಟು ರೋಗಿಗಳು, ಯಾವ ವರ್ಷದಲ್ಲಿ ಎಷ್ಟು ಗಂಟೆ ಅಲ್ಲಿ ಕಲಿಸುತ್ತೀರಿ ಎಂದು ವಿಚಾರಿಸಿ, ಉತ್ತರವನ್ನು ಬರೆದುಕೊಂಡು ಬರಲಿ.