ಮಾರ್ಮನ್ ಮತವೂ ಅದರ ಟೀಕಾಕಾರರೂ: ಒಂದು ಐತಿಹಾಸಿಕ ವಿವೇಚನೆ

ಒಂದು ಧರ್ಮದ ಸ್ವರೂಪವನ್ನು ಅದರ ಅನುಯಾಯಿಗಳಿಂದ ಕೇಳಿ ತಿಳಿಯಬೇಕೋ, ವಿರೋಧಿಗಳಿಂದ ಕೇಳಿ ತಿಳಿಯಬೇಕೋ ಎಂಬ ಪ್ರಶ್ನೆ ಬಹು ಹಳೆಯದು. ಅನುಯಾಯಿಯು ತನ್ನ ಮತದ ಕುಂದನ್ನು ಮರೆಮಾಚುವ ಸಂಭವವುಂಟು. ವಿರೋಧಿಯು ಅದರ ಹಿರಿಮೆಯನ್ನು ಮರೆಮಾಚುವ ಸಂಭವವುಂಟು. ನಮ್ಮ ಶಾಸ್ತ್ರಕಾರರು ಈ ತೊಡಕಿಗೆ ಒಂದು ಪರಿಹಾರವನ್ನು ಕಂಡುಕೊಂಡಿದ್ದರು. ಖಂಡನೆಗೆ ತೊಡಗುವ ಮುನ್ನ ಪ್ರತಿವಾದಿಯ ಮತವನ್ನು ಅವನೇ ತಲೆದೂಗುವಂತೆ ಮಂಡಿಸಬೇಕು, ಅದೇ ಪೂರ್ವಪಕ್ಷ. ಪೂರ್ವಪಕ್ಷವು ಸೊಟ್ಟಗಾದರೆ ಸಿದ್ಧಾಂತವೂ ಸೊಟ್ಟಗಾಗುವುದು. ಈ ಒರೆಗಲ್ಲಿಗೆ ಹಚ್ಚಿ ನೋಡಲು ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಮತವು ಒಳ್ಳೆಯ ನಿದರ್ಶನವಾಗಿದೆ. ಏಕೆಂದರೆ, ಹುಟ್ಟಿದ ದಿನದಿಂದ ಇಂದಿನವರೆಗೆ ಅದರಷ್ಟು ಟೀಕೆಯನ್ನು ಉಂಡ ಮತಗಳು ಆ ದೇಶದಲ್ಲಿ ವಿರಳ.

ಮೊದಲು ಆ ಮತದ ಇತಿಹಾಸವನ್ನು ಸಂಕ್ಷೇಪವಾಗಿ ಅರಿಯುವುದು ಅವಶ್ಯ. ಇದರ ಸಂಸ್ಥಾಪಕ ಜೋಸೆಫ್ ಸ್ಮಿತ್ 1805ರಲ್ಲಿ ವರ್ಮಾಂಟ್ ಪ್ರಾಂತದ ಒಂದು ಬಡ ಒಕ್ಕಲು ಮನೆತನದಲ್ಲಿ ಜನಿಸಿದನು. ತನಗೆ ದೇವರ ಹಾಗೂ ಯೇಸುವಿನ ದರ್ಶನವಾಯಿತೆಂದೂ, ದೇವದೂತನೊಬ್ಬನು ತೋರಿದ ಬಂಗಾರದ ಫಲಕಗಳ ಬರಹವನ್ನು ದೈವಬಲದಿಂದ ಭಾಷಾಂತರಿಸಿದೆನೆಂದೂ ಅವನು ಸಾರಿದನು. ಆ ಬರಹವೇ 1830ರಲ್ಲಿ ನ್ಯೂಯಾರ್ಕ್ ಪ್ರಾಂತದ ಪಾಲ್ಮೈರಾ ಎಂಬ ಊರಿನಲ್ಲಿ ಅಚ್ಚಾದ ಮಾರ್ಮನ್ ಗ್ರಂಥ. ಅದೇ ವರ್ಷ ಏಪ್ರಿಲ್ 6ರಂದು ಅವನ ಚರ್ಚು ಸ್ಥಾಪಿತವಾಯಿತು. ಪ್ರಾಚೀನ ಕಾಲದಲ್ಲಿ ಜೆರುಸಲೇಮಿನಿಂದ ಅಮೆರಿಕ ಖಂಡಕ್ಕೆ ಬಂದ ಜನರ ಚರಿತ್ರೆ, ಅವರಿಗೆ ಪುನರುತ್ಥಿತನಾದ ಯೇಸು ನೀಡಿದ ದರ್ಶನ, ಇವು ಆ ಗ್ರಂಥದ ವಸ್ತು. ಬೈಬಲ್ಲಿನ ಜೊತೆಗೆ ಇದನ್ನೂ ಇನ್ನೆರಡು ಗ್ರಂಥಗಳನ್ನೂ ಮಾರ್ಮನರು ಪ್ರಮಾಣವೆಂದು ಮನ್ನಿಸುತ್ತಾರೆ.

ಮೊದಲ ದೊಡ್ಡ ಟೀಕಾಗ್ರಂಥವು 1834ರಲ್ಲಿಯೇ ಹೊರಬಿದ್ದಿತು. ಒಹಾಯೋ ಪ್ರಾಂತದ ಎಬರ್ ಹೋವ್ ಎಂಬ ಪತ್ರಕರ್ತನು ಅದನ್ನು ಪ್ರಕಟಿಸಿದನು. ಚರ್ಚಿನಿಂದ ಬಹಿಷ್ಕೃತನಾದ ಹರ್ಲ್ಬಟ್ ಎಂಬವನು ಸಂಗ್ರಹಿಸಿದ ಸಾಕ್ಷ್ಯಗಳು ಅದರಲ್ಲಿದ್ದವು. ಸಾಲಮನ್ ಸ್ಪಾಲ್ಡಿಂಗ್ ಎಂಬಾತನು ಬರೆದಿಟ್ಟು ತೀರಿಕೊಂಡ ಕಾದಂಬರಿಯೊಂದನ್ನು ಕದ್ದು ಮಾರ್ಮನ್ ಗ್ರಂಥವನ್ನು ಹೆಣೆಯಲಾಗಿದೆ ಎಂಬುದು ಅದರ ಮುಖ್ಯ ಆರೋಪ. ಅರ್ಧ ಶತಮಾನದ ಕಾಲ ಈ ಮಾತನ್ನು ಲೇಖಕರು ಒಬ್ಬರಿಂದೊಬ್ಬರು ಎತ್ತಿಕೊಂಡು ಬರೆದರು. ಪರೀಕ್ಷಿಸಿದವರು ಇಲ್ಲವೆಂಬಷ್ಟು ಕಡಿಮೆ. ಹೀಗಿರಲು 1884ರಲ್ಲಿ ಸ್ಪಾಲ್ಡಿಂಗನ ಹಸ್ತಪ್ರತಿಯೊಂದು ಹೊನೊಲುಲುವಿನಲ್ಲಿ, ಹೋವನ ಪತ್ರಿಕೆಯ ಹಳೆಯ ಕಾಗದಗಳ ನಡುವೆ ದೊರೆಯಿತು. ಬಿರುಗಾಳಿಗೆ ಸಿಕ್ಕಿ ಅಮೆರಿಕ ತಲುಪಿದ ರೋಮನರ ಕಥೆ ಅದರಲ್ಲಿತ್ತು. ಮಾರ್ಮನ್ ಗ್ರಂಥದ ಹೆಸರುಗಳಾಗಲಿ ಶೈಲಿಯಾಗಲಿ ಅದರಲ್ಲಿರಲಿಲ್ಲ. ಅದು ಈಗ ಓಬರ್ಲಿನ್ ಕಾಲೇಜಿನಲ್ಲಿದೆ. ಸ್ಮಿತ್‌ನನ್ನು ಕಟುವಾಗಿ ವಿಮರ್ಶಿಸಿ 1945ರಲ್ಲಿ ಅವನ ಜೀವನಚರಿತ್ರೆಯನ್ನು ಬರೆದ ಫಾನ್ ಬ್ರೋಡಿ ಎಂಬ ವಿದುಷಿಯೇ ಈ ಕಳವಿನ ವಾದವನ್ನು ತಳ್ಳಿಹಾಕಿದಳು. ಆ ಗ್ರಂಥಕ್ಕಾಗಿ ಮರುವರ್ಷವೇ ಚರ್ಚು ಅವಳನ್ನು ಬಹಿಷ್ಕರಿಸಿತೆಂಬುದನ್ನು ನೆನೆದರೆ, ಅವಳ ಸಾಕ್ಷ್ಯವು ಪಕ್ಷಪಾತದ್ದಲ್ಲವೆಂಬುದು ಸ್ಪಷ್ಟವಾಗುವುದು. ಗ್ರಂಥವು ದೈವಪ್ರೇರಿತವೋ ಅಲ್ಲವೋ ಎಂಬುದು ಬೇರೆ ಪ್ರಶ್ನೆ. ಕಳವಿನ ಆರೋಪವಂತೂ ನಿಲ್ಲಲಿಲ್ಲ.

ಇಂಥ ಬರಹಗಳು ಕಾಗದದ ಮೇಲೆಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಆದರೆ ಮಾತು ಆಯುಧವಾಗಲು ಬಹಳ ಕಾಲ ಬೇಕಿಲ್ಲ. ಮಿಸೂರಿ ಪ್ರಾಂತದಲ್ಲಿ ಮಾರ್ಮನರಿಗೂ ಇತರ ನೆಲಸಿಗರಿಗೂ ಭೂಮಿ, ಮತದಾನ, ಮತಭೇದಗಳ ಕಾರಣವಾಗಿ ಕಲಹವು ಬೆಳೆದು, 1838ರ ಅಕ್ಟೋಬರ್ 27ರಂದು ಗವರ್ನರ್ ಬಾಗ್ಸ್ ಎಂಬವನು, ಮಾರ್ಮನರನ್ನು ನಿರ್ಮೂಲ ಮಾಡಬೇಕು ಇಲ್ಲವೆ ಪ್ರಾಂತದಿಂದ ಓಡಿಸಬೇಕು ಎಂದು ಆಜ್ಞೆ ಹೊರಡಿಸಿದನು. ಮೂರು ದಿನಗಳ ಬಳಿಕ ಹಾನ್ಸ್ ಮಿಲ್ ಎಂಬ ನೆಲೆಯಲ್ಲಿ 17 ಜನರ ಕೊಲೆಯಾಯಿತು. ಸತ್ತವರಲ್ಲಿ ಹತ್ತು ವರ್ಷದ ಬಾಲಕನೂ ಇದ್ದನು. ಆ ಆಜ್ಞೆಯನ್ನು ವಿಧಿವತ್ತಾಗಿ ಹಿಂತೆಗೆದುಕೊಂಡದ್ದು 1976ರಲ್ಲಿ! ಒಂದು ಜನಸಮುದಾಯವನ್ನು ದೇಶದ ಶತ್ರುವೆಂದು ಬಗೆಯುವುದು ಎಷ್ಟು ಸುಲಭ, ಆ ಬಗೆಯನ್ನು ಅಳಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಈ 138 ವರ್ಷಗಳ ಅಂತರವೇ ಸಾಕ್ಷಿ.

ಹಾಗೆಂದು ಟೀಕಾಕಾರರ ಮಾತೆಲ್ಲ ಸುಳ್ಳೆಂದು ತೀರ್ಮಾನಿಸುವುದು ಇನ್ನೊಂದು ಅನ್ಯಾಯವಾದೀತು. ಇಲಿನಾಯ್ ಪ್ರಾಂತದ ನಾವೂ ನಗರದಲ್ಲಿ 1844ರ ಜೂನ್ 7ರಂದು, ಚರ್ಚಿನಿಂದ ಸಿಡಿದು ಹೊರಬಂದವರು ಒಂದು ಪತ್ರಿಕೆಯನ್ನು ಹೊರತಂದರು. ಸ್ಮಿತ್ ಗುಪ್ತವಾಗಿ ಬಹುಪತ್ನಿತ್ವವನ್ನು ಆಚರಿಸುತ್ತಿದ್ದಾನೆ, ಬೋಧಿಸುತ್ತಿದ್ದಾನೆ ಎಂದು ಅದು ಬಯಲು ಮಾಡಿತು. ನಗರಾಧ್ಯಕ್ಷನೂ ಆಗಿದ್ದ ಸ್ಮಿತ್‌ನ ಆಡಳಿತವು ಆ ಮುದ್ರಣಾಲಯವನ್ನು ನಾಶಗೊಳಿಸಿತು. ಅದೇ ನೆಪವಾಗಿ ಅವನು ಸೆರೆಮನೆ ಸೇರಿ, ಜೂನ್ 27ರಂದು ಕಾರ್ಥೇಜ್ ಊರಿನಲ್ಲಿ ಗುಂಪಿನ ಗುಂಡಿಗೆ ಅಣ್ಣನೊಡನೆ ಬಲಿಯಾದನು. ಅವನ ಕೊಲೆಯು ಘೋರ ಕೃತ್ಯ. ಆದರೆ ಪತ್ರಿಕೆ ಹೇಳಿದ ಮುಖ್ಯ ಸಂಗತಿ ನಿಜವಾಗಿತ್ತು. ಬಹುಪತ್ನಿತ್ವವನ್ನು ಚರ್ಚು ಬಹಿರಂಗವಾಗಿ ಸಾರಿದ್ದು 1852ರಲ್ಲಿ, ಬ್ರಿಗಮ್ ಯಂಗನ ನಾಯಕತ್ವದಲ್ಲಿ ಯೂಟಾಕ್ಕೆ ವಲಸೆ ಹೋದ ಮೇಲೆ. ಸ್ಮಿತ್‌ಗೆ ಅನೇಕ ಪತ್ನಿಯರಿದ್ದರೆಂಬುದನ್ನು ಚರ್ಚು ತನ್ನ ಅಧಿಕೃತ ಪ್ರಬಂಧದಲ್ಲಿ ವಿವರವಾಗಿ ಒಪ್ಪಿ ಬರೆದುದು 2014ರಲ್ಲಿ. ಆದುದರಿಂದ ಈ ವಿಷಯದಲ್ಲಿ ಟೀಕಾಕಾರರು ಸತ್ಯಕ್ಕೆ ಹತ್ತಿರವಾಗಿಯೂ ಅಧಿಕೃತ ಕಥನವು ದೂರವಾಗಿಯೂ ಇದ್ದವು.

ಇದಕ್ಕಿಂತ ಕಹಿಯಾದ ಪ್ರಸಂಗವೊಂದು ಇದೆ. 1857ರ ಸೆಪ್ಟೆಂಬರ್ 11ರಂದು ದಕ್ಷಿಣ ಯೂಟಾದ ಮೌಂಟನ್ ಮೆಡೋಸ್ ಎಂಬಲ್ಲಿ, ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಸುಮಾರು 120 ಪ್ರಯಾಣಿಕರನ್ನು ಸ್ಥಳೀಯ ಮಾರ್ಮನ್ ಪಡೆಯವರು, ಕೆಲವು ಮೂಲನಿವಾಸಿಗಳನ್ನು ಜೊತೆಗೂಡಿಸಿಕೊಂಡು ಕೊಂದರು. ಎಳೆಯ ಮಕ್ಕಳು ಮಾತ್ರ ಉಳಿದರು. ಬಹುಕಾಲ ಹೊಣೆಯನ್ನು ಮೂಲನಿವಾಸಿಗಳ ತಲೆಗೆ ಕಟ್ಟಲಾಯಿತು. ಶಿಕ್ಷೆಯಾದದ್ದು ಜಾನ್ ಲೀ ಎಂಬ ಒಬ್ಬನಿಗೆ, 1877ರಲ್ಲಿ. ಘಟನೆಯ 150ನೆಯ ವರ್ಷದಲ್ಲಿ, ಅಂದರೆ 2007ರಲ್ಲಿ, ಚರ್ಚಿನ ಹಿರಿಯರು ಆ ಸ್ಥಳದಲ್ಲಿಯೇ ವಿಷಾದವನ್ನು ವ್ಯಕ್ತಪಡಿಸಿದರು. ಹಿಂಸೆಯನ್ನು ಉಂಡವರೇ ಹಿಂಸೆಯನ್ನು ಉಣಿಸಿದ ಈ ಕಥೆಯನ್ನು ಹೊರಗಿನವರು ಒತ್ತಿ ಹೇಳದಿದ್ದರೆ ಅದು ಎಂದೋ ಮಣ್ಣಾಗುತ್ತಿತ್ತು.

ಇನ್ನು ಚಿತ್ರಣದ ಮಾತು. ಸಂಗತಿ ನಿಜವಾಗಿದ್ದರೂ ಚಿತ್ರಣವು ಸುಳ್ಳಾಗಬಹುದು. ಬಹುಪತ್ನಿತ್ವವಿದ್ದದ್ದು ನಿಜ, ಆದರೆ ಯೂಟಾದ ಸ್ತ್ರೀಯರೆಲ್ಲರೂ ಬಂಧಿತ ದಾಸಿಯರು ಎಂಬ ಚಿತ್ರವು ಜನಪ್ರಿಯ ಕಥೆಗಳ ಸೃಷ್ಟಿ. ಆರ್ಥರ್ ಕಾನನ್ ಡಾಯ್ಲನ ಪ್ರಥಮ ಷರ್ಲಾಕ್ ಹೋಮ್ಸ್ ಕಾದಂಬರಿಯು 1887ರಲ್ಲಿ ಈ ಚಿತ್ರವನ್ನೇ ಲೋಕಕ್ಕೆಲ್ಲ ಹಂಚಿತು. ಯೂಟಾದ ಸ್ತ್ರೀಯರಿಗೆ 1870ರಲ್ಲಿಯೇ ಮತದಾನದ ಹಕ್ಕು ದೊರೆತಿತ್ತು. ಅದನ್ನು ಕಸಿದುಕೊಂಡದ್ದು ಬಹುಪತ್ನಿತ್ವವನ್ನು ಅಳಿಸಲೆಂದು ಅಮೆರಿಕದ ಕಾಂಗ್ರೆಸ್ಸು 1887ರಲ್ಲಿ ಮಾಡಿದ ಕಾನೂನು! ಯೂಟಾ ರಾಜ್ಯವಾದ 1896ರಲ್ಲಿ ಅದು ಮರಳಿ ಲಭಿಸಿತು. ಉದ್ಧರಿಸಹೊರಟವರು ಉದ್ಧರಿಸಬೇಕಾದವರ ಮಾತನ್ನು ಕೇಳದಿದ್ದಾಗ ಇಂಥ ವಿಪರ್ಯಾಸವು ಸಹಜ.

ಇಲ್ಲಿ ಭಾರತೀಯರು ಗಮನಿಸತಕ್ಕ ಸಂಗತಿಯೊಂದುಂಟು. ಜಾರ್ಜ್ ರೆನಾಲ್ಡ್ಸ್ ಎಂಬ ಮಾರ್ಮನನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1879ರ ಜನವರಿಯಲ್ಲಿ ತೀರ್ಪು ನೀಡುತ್ತ, ನಂಬಿಕೆಗೆ ಸ್ವಾತಂತ್ರ್ಯವುಂಟು, ಆದರೆ ಆಚರಣೆಯನ್ನು ಕಾನೂನು ನಿಯಂತ್ರಿಸಬಹುದು ಎಂದಿತು. ದೃಷ್ಟಾಂತಕ್ಕೆ ಅದು ಎತ್ತಿಕೊಂಡದ್ದು ಪತಿಯ ಚಿತೆಯನ್ನೇರುವ ಸತಿಯನ್ನು. ಬಹುಪತ್ನಿತ್ವವು ಏಷ್ಯಾ, ಆಫ್ರಿಕಾಗಳ ಜನರ ಲಕ್ಷಣವೆಂದೂ ಯುರೋಪಿನ ಉತ್ತರ ಮತ್ತು ಪಶ್ಚಿಮದ ಜನಾಂಗಗಳಿಗೆ ಹೇಯವೆಂದೂ ಹೇಳಿತು. ತೀರ್ಪಿನ ತತ್ತ್ವವು ವಿಚಾರಯೋಗ್ಯವಾದುದೇ. ಆದರೆ ಮಾರ್ಮನರನ್ನು ನಿಂದಿಸಲು ಅವರನ್ನು ನಮ್ಮಂಥವರ ಸಾಲಿನಲ್ಲಿ ಕೂಡಿಸಿದರೆ ಸಾಕು ಎಂಬ ಅಂದಿನ ಮನೋಭಾವವು ಅದರಲ್ಲಿ ಎದ್ದುಕಾಣುತ್ತದೆ. 1890ರಲ್ಲಿ ಚರ್ಚಿನ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಬಹುಪತ್ನಿತ್ವವನ್ನು ಕೈಬಿಡುವ ಘೋಷಣೆ ಮಾಡಿದನು. 1904ರಲ್ಲಿ ಅದು ಇನ್ನೂ ಬಿಗಿಯಾಯಿತು. ಇಂದು ಅದನ್ನು ಆಚರಿಸುವವರಿಗೆ ಬಹಿಷ್ಕಾರವೇ ಗತಿ. ಆದಾಗ್ಯೂ ಬೇರೆಯಾಗಿ ಹೋದ ಸಣ್ಣ ಪಂಗಡಗಳ ಆಚಾರವನ್ನು ಮೂಲ ಚರ್ಚಿಗೆ ಅಂಟಿಸುವ ವಾಡಿಕೆ ಇನ್ನೂ ನಿಂತಿಲ್ಲ.

ತತ್ತ್ವಗಳ ವಿಷಯಕ್ಕೆ ಬಂದರೆ ಅಪಾರ್ಥವು ಇನ್ನೂ ಸೂಕ್ಷ್ಮವಾದುದು. ಮನುಷ್ಯರು ದೇವರ ಮಕ್ಕಳು, ಜನನಕ್ಕೆ ಮುನ್ನವೂ ಆತ್ಮಗಳಿದ್ದವು, ಕೃಪೆಯಿಂದಲೂ ವಿಧೇಯತೆಯಿಂದಲೂ ಮನುಷ್ಯನು ದೇವಸದೃಶನಾಗಬಲ್ಲನು ಎಂದು ಮಾರ್ಮನರು ನಂಬುತ್ತಾರೆ. ಸತ್ತ ಮೇಲೆ ಒಬ್ಬೊಬ್ಬ ಮಾರ್ಮನನಿಗೆ ಒಂದೊಂದು ಗ್ರಹ ದೊರೆಯುವುದಂತೆ ಎಂದು ಟೀಕಾಕಾರರು ಇದನ್ನೇ ನಗೆಪಾಟಲು ಮಾಡಿದರು. ಮೃತರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯುವ ವಿಧಿಯಿದೆ; ಅದನ್ನು ಸ್ವೀಕರಿಸುವುದೂ ಬಿಡುವುದೂ ಆ ಆತ್ಮದ ಇಚ್ಛೆ ಎಂಬುದು ಅವರ ಬೋಧೆ. ಸತ್ತವರನ್ನು ಬಲಾತ್ಕಾರದಿಂದ ಮತಾಂತರಿಸುತ್ತಾರೆಂಬುದು ಅದರ ಸರಿಯಾದ ನಿರೂಪಣೆಯಲ್ಲ. ಆದರೆ ನಾಜಿಗಳ ಕೈಯಲ್ಲಿ ಹತರಾದ ಯೆಹೂದ್ಯರ ಹೆಸರಿನಲ್ಲಿ ಈ ವಿಧಿ ನಡೆದಾಗ ಅವರ ಬಂಧುಗಳಿಗಾದ ನೋವು ನ್ಯಾಯವಾದದ್ದೇ. 1995ರಲ್ಲಿ ಚರ್ಚು ಯೆಹೂದ್ಯ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು ಅದನ್ನು ತಡೆಯಲು ಸಮ್ಮತಿಸಿತು. ನಂಬಿಕೆಯನ್ನು ತಿರುಚುವುದು ಬೇರೆ, ಅದರ ಪರಿಣಾಮವನ್ನು ಆಕ್ಷೇಪಿಸುವುದು ಬೇರೆ.

ಮಾರ್ಮನರು ಕ್ರೈಸ್ತರೇ ಅಲ್ಲ ಎಂಬ ವಾದವೂ ಇಂಥದೇ. ತಂದೆ, ಮಗ, ಪವಿತ್ರಾತ್ಮರು ಒಂದೇ ತತ್ತ್ವದವರೆಂಬ, ಕ್ರಿ.ಶ. 325ರ ನೈಸೀಯಾ ಸಭೆಯಿಂದ ಬಂದ ನಿರ್ಣಯವನ್ನು ಅವರು ಒಪ್ಪರು. ಮೂವರೂ ಭಿನ್ನ ವ್ಯಕ್ತಿಗಳು, ಉದ್ದೇಶದಲ್ಲಿ ಮಾತ್ರ ಒಂದು ಎನ್ನುವರು. ಆದರೆ ಯೇಸುವೇ ರಕ್ಷಕನೆಂದು ನಂಬುವರು. ಕ್ರೈಸ್ತನೆಂಬ ಪದಕ್ಕೆ ಕೊಡುವ ಲಕ್ಷಣದ ಮೇಲೆ ಉತ್ತರವು ನಿಂತಿದೆ. ಅವರ ಮತವು ಸಂಪ್ರದಾಯದಿಂದ ಭಿನ್ನವೆಂದರೆ ವಸ್ತುಸ್ಥಿತಿ. ಅವರು ಯೇಸುವನ್ನು ನಂಬುವುದಿಲ್ಲವೆಂದರೆ ಮಿಥ್ಯೆ.

ಒಳಗಿನ ದೋಷವನ್ನು ತೋರಿದ ಟೀಕೆಯಿಂದ ಉಪಕಾರವೂ ಆಗಿದೆ. ಕಪ್ಪು ಜನಾಂಗದ ಪುರುಷರಿಗೆ ಪೌರೋಹಿತ್ಯವನ್ನು ನಿರಾಕರಿಸಿದ್ದ ನಿಯಮವು 1978ರಲ್ಲಿ ರದ್ದಾಯಿತು. ಅದನ್ನು ಸಮರ್ಥಿಸಲು ಹಿಂದೆ ಹೇಳುತ್ತಿದ್ದ ಕಾರಣಗಳನ್ನು 2013ರಲ್ಲಿ ಚರ್ಚು ತಿರಸ್ಕರಿಸಿತು. ಸ್ಮಿತ್ ಅಬ್ರಹಾಮನ ಬರಹವೆಂದು ಅನುವಾದಿಸಿದ ಪಪೈರಸ್ ಸುರುಳಿಗಳ ಚೂರುಗಳು 1967ರಲ್ಲಿ ಚರ್ಚಿನ ಕೈಸೇರಿದಾಗ, ಅವು ಈಜಿಪ್ಟಿನ ಶವಸಂಸ್ಕಾರದ ಪಾಠಗಳೆಂದು ವಿದ್ವಾಂಸರು ಓದಿ ಹೇಳಿದರು. ಆ ಚೂರುಗಳಲ್ಲಿ ಅಬ್ರಹಾಮನ ಹೆಸರಿಲ್ಲವೆಂಬುದನ್ನು ಚರ್ಚು ಸ್ವತಃ 2014ರಲ್ಲಿ ಬರೆದು ಪ್ರಕಟಿಸಿತು. ಅನುವಾದದ ಅರ್ಥವನ್ನು ಮಾತ್ರ ಅದು ಬೇರೆ ಬಗೆಯಾಗಿ ವಿವರಿಸುತ್ತದೆ.

ನ್ಯಾಯವಾದ ಟೀಕಾಕಾರನು ಹೇಗಿರಬೇಕು ಎಂಬುದಕ್ಕೂ ಇದೇ ಚರಿತ್ರೆಯಲ್ಲಿ ಉದಾಹರಣೆಯಿದೆ. 1980ರ ದಶಕದಲ್ಲಿ ಮಾರ್ಕ್ ಹಾಫ್‌ಮನ್ ಎಂಬವನು, ಸ್ಮಿತ್‌ನಿಗೆ ಮಾಟಮಂತ್ರಗಳ ಸಂಬಂಧವಿತ್ತೆಂದು ತೋರುವ ಹಳೆಯ ಪತ್ರವೊಂದನ್ನು ಬೆಳಕಿಗೆ ತಂದನು. ಚರ್ಚನ್ನು ತೊರೆದು ಜೀವನವಿಡೀ ಅದರ ವಿರುದ್ಧ ಬರೆದ ಜೆರಾಲ್ಡ್ ಟ್ಯಾನರ್‌ಗೆ ಅದು ಹಬ್ಬದೂಟವಾಗಬೇಕಿತ್ತು. ಆದರೆ ಅವನು 1984ರಲ್ಲಿಯೇ, ಪತ್ರದ ನೈಜತೆ ಸಂಶಯಾಸ್ಪದವೆಂದು ಬರೆದನು. 1985ರಲ್ಲಿ ಹಾಫ್‌ಮನ್ ಬಾಂಬಿಟ್ಟು ಇಬ್ಬರನ್ನು ಕೊಂದು ಸಿಕ್ಕಿಬಿದ್ದಾಗ ಪತ್ರವು ಕೃತ್ರಿಮವೆಂದು ಸಿದ್ಧವಾಯಿತು. ತನ್ನ ಪಕ್ಷಕ್ಕೆ ಅನುಕೂಲವಾದ ಸುಳ್ಳನ್ನೂ ಸುಳ್ಳೆನ್ನುವವನೇ ವಿಶ್ವಾಸಾರ್ಹನು.

ಅದೇ 1985ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನ ಬಳಿ ಮಾರ್ಮನ್ ದೇವಾಲಯಕ್ಕೆ ವಿರೋಧವೆದ್ದಾಗ, ಲೂಥರನ್ ಪಂಥದ ಬಿಷಪ್ ಕ್ರಿಸ್ಟರ್ ಸ್ಟೆಂಡಾಲ್ ಮೂರು ನಿಯಮಗಳನ್ನು ಸೂಚಿಸಿದರು. ಅನ್ಯಮತವನ್ನು ಅರಿಯಲು ಅದರ ಅನುಯಾಯಿಗಳನ್ನೇ ಕೇಳಬೇಕು. ನಮ್ಮಲ್ಲಿಯ ಉತ್ತಮವನ್ನು ಅವರಲ್ಲಿಯ ಅಧಮದೊಡನೆ ಹೋಲಿಸಬಾರದು. ಅವರಲ್ಲಿ ನಾವು ಆಶಿಸತಕ್ಕದ್ದೇನಾದರೂ ಉಂಟೋ ಎಂದು ಮನಸ್ಸನ್ನು ತೆರೆದಿರಬೇಕು. 2004ರಲ್ಲಿ ಸಾಲ್ಟ್ ಲೇಕ್ ನಗರದ ಸಭೆಯಲ್ಲಿ ಪ್ರಾಟೆಸ್ಟಂಟ್ ವಿದ್ವಾಂಸ ರಿಚರ್ಡ್ ಮೌ, ತಮ್ಮವರು ಮಾರ್ಮನರ ನಂಬಿಕೆಗಳನ್ನು ತಪ್ಪಾಗಿ ನಿರೂಪಿಸಿ ನೆರೆಯವರ ಮೇಲೆ ಸುಳ್ಳುಸಾಕ್ಷಿ ಹೇಳಿದ ಪಾಪಕ್ಕೆ ಒಳಗಾಗಿದ್ದಾರೆಂದು ಒಪ್ಪಿಕೊಂಡರು. ತತ್ತ್ವಭೇದವನ್ನು ಅವರು ಬಿಟ್ಟುಕೊಡಲಿಲ್ಲ.

ಮೇಲಿನ ವಿವೇಚನೆಯಿಂದ ನಿಷ್ಪನ್ನವಾಗುವುದಿಷ್ಟು. ನಡೆದ ಸಂಗತಿಗಳ ವಿಷಯದಲ್ಲಿ ಹೊರಗಿನ ಟೀಕಾಕಾರರು ಹಲವು ಸಲ ಚರ್ಚಿಗಿಂತ ಮೊದಲೇ ಸತ್ಯವನ್ನು ನುಡಿದರು. ನಂಬಿಕೆಯ ಅರ್ಥದ ವಿಷಯದಲ್ಲಿ ಹೆಚ್ಚಾಗಿ ಅನ್ಯಾಯವನ್ನೇ ಮಾಡಿದರು. ಸಂಗತಿಗೆ ದಾಖಲೆಯು ಸಾಕ್ಷಿ. ಅರ್ಥಕ್ಕೆ ಭಕ್ತನ ಹೃದಯವು ಸಾಕ್ಷಿ. ಒಂದನ್ನು ಭಕ್ತನು ಮುಚ್ಚಬಾರದು, ಇನ್ನೊಂದನ್ನು ಟೀಕಾಕಾರನು ಕಡೆಗಣಿಸಬಾರದು. ಈ ಮತದವರು 1850ರ ದಶಕದಲ್ಲಿಯೇ ಕಲ್ಕತ್ತೆಗೆ ಬಂದು ಹೆಚ್ಚಿನ ಫಲ ಕಾಣದೆ ಹಿಂದಿರುಗಿದ್ದರು. 1993ರಲ್ಲಿ ಬೆಂಗಳೂರು ಅವರ ಪ್ರಚಾರಕಾರ್ಯದ ಕೇಂದ್ರವಾಯಿತು. 2018ರಲ್ಲಿ ಅಲ್ಲಿ ದೇವಾಲಯ ಕಟ್ಟುವುದಾಗಿ ಸಾರಿ, 2020ರಲ್ಲಿ ಕೆಲಸ ಆರಂಭಿಸಿದರು. ನೆರೆಯವರಾಗಿ ಬಂದವರ ತತ್ತ್ವವನ್ನು ನಾವು ಒಪ್ಪಲೇಬೇಕೆಂದಿಲ್ಲ. ಆದರೆ ಅವರ ಪೂರ್ವಪಕ್ಷವನ್ನು ಅವರ ಬಾಯಿಂದಲೇ ಕೇಳಿ, ಅನಂತರ ನಮ್ಮ ಮಾತನ್ನು ಆಡುವುದು ವಿಚಾರವಂತರ ಧರ್ಮ.